ಜಿಪ್ಸಿ ಎರಡು ಇಂಚು ಎತ್ತರಾಯಿತು, ಶಾಕ್ ಏಳು ವಾರ ಕಾಡಿತು

ಮೊನ್ನೆ ಭಾನುವಾರ ಬೆಳಗಾವಿಯಿಂದ ಜಾಂಬೋಟಿವರೆಗೆ ಹೋಗಿ ಬಂದೆ. ಮುಂದಿನ ಗಾಲಿಗಳ ಕಡೆಯಿಂದ ಒಂದು ಸದ್ದೂ ಇಲ್ಲ. ಜೂನ್ ಮೊದಲ ವಾರದಿಂದ ಇದಕ್ಕೇ ಕಾದಿದ್ದೆ. ನನ್ನ ಹಾಗೆ ಪಾಟಾ (ಗಾಡಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗ್) ಬದಲಿಸಿ ಗಾಡಿ ಎತ್ತರಿಸಲು ಹೊರಟವರು ಊರಲ್ಲಿ ಇನ್ನೂ ಇದ್ದಾರೆ. ನಾಲ್ಕು ಜನ ಆಗಲೇ ಫೋನ್ ಮಾಡಿ ಕೇಳಿದ್ದಾರೆ. ಎಲ್ಲರಿಗೂ ಅದೇ ಕತೆ ಹೇಳುವ ಬದಲು ಒಂದು ಸಲ ಬರೆದುಬಿಡೋಣ ಅಂತ ಕೂತೆ.

ನನ್ನದು 2012ರ ಜಿಪ್ಸಿ. 1.3 ಲೀಟರ್ ಪೆಟ್ರೋಲ್ ಇಂಜಿನ್. ಮುಂದೆ ಹಿಂದೆ ಎರಡೂ ಕಡೆ ಇಡೀ ಆಕ್ಸಲ್ (ಎಡ ಬಲ ಗಾಲಿ ಜೋಡಿಸುವ ಒಂದೇ ಅಚ್ಚು), ನಾಲ್ಕೂ ಮೂಲೆಗೆ ಪಾಟಾ. ಭಾವನ ಹೊಲ ಕಣಕುಂಬಿ ಹತ್ತಿರ ಇದೆ. ಮಲಪ್ರಭೆ ಹುಟ್ಟುವ ಆ ಕಡೆ ಮಳೆ ಹೇಗೆ ಅಂತ ಬೆಳಗಾವಿಯವರಿಗೆ ಹೇಳಬೇಕಿಲ್ಲ. ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಗಾಲಿಗಳು ಎರಡು ಕಾಲುವೆ ತೋಡಿ, ನಡುವೆ ದಿಬ್ಬ ಬಿಟ್ಟಿರುತ್ತವೆ. ಆ ದಿಬ್ಬಕ್ಕೆ ನನ್ನ ಗಾಡಿಯ ಡಿಫರೆನ್ಶಿಯಲ್ ಗುಂಡು, ಅಂದರೆ ಆಕ್ಸಲ್ ಮೇಲಿನ ಗೇರಿನ ಉಬ್ಬು, ಪ್ರತಿ ಸಲ ಉಜ್ಜುತ್ತಿತ್ತು.

ಇಲ್ಲೇ ನನ್ನ ಮೊದಲ ತಿಳಿಗೇಡಿತನ. ಪಾಟಾ ಎತ್ತರಿಸಿದರೆ ಗುಂಡೂ ಮೇಲೇಳುತ್ತದೆ ಅಂದುಕೊಂಡಿದ್ದೆ. ಏಳುವುದಿಲ್ಲ. ಇಂಥ ಆಕ್ಸಲ್ ಇರುವ ಗಾಡಿಯಲ್ಲಿ ಪಾಟಾದಿಂದ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಗುಂಡು ಮೇಲೇಳಬೇಕಾದರೆ ಟೈರ್ ದೊಡ್ಡದಾಗಬೇಕು. ಮೊದಲಿದ್ದ 205/70 ಆರ್15 ಟೈರಿನ ಎತ್ತರ ಸುಮಾರು 668 ಮಿ.ಮೀ. ನಾನು ಹಾಕಿದ 235/75 ಆರ್15 ಸುಮಾರು 733. ವ್ಯತ್ಯಾಸದ ಅರ್ಧ, ಅಂದರೆ ಸುಮಾರು 33 ಮಿ.ಮೀ., ಗುಂಡಿಗೆ ಸಿಕ್ಕ ಲಾಭ. ದೊಡ್ಡ ಟೈರ್ ಮಡ್‌ಗಾರ್ಡಿಗೆ ತಾಗಬಾರದು ಅಂತ ಪಾಟಾ ಎರಡು ಇಂಚು ಎತ್ತರಿಸಬೇಕಾಯಿತು. ಪಾಟಾ ಜೊತೆಗೆ ಉದ್ದದ ಶಾಕ್‌ಗಳೂ (ಗಾಡಿಯ ಕುಲುಕಾಟ ತಡೆಯುವ ಎಣ್ಣೆಯ ಕೊಳವೆಗಳು) ಒಂದೇ ಡಬ್ಬಿಯಲ್ಲಿ ಬಂದವು. ಎಲ್ಲ ಹೊಂದಿಸಿಯೇ ಕೊಟ್ಟಿರುತ್ತಾರೆ ಅಂತ ನಂಬಿದೆ.

ಎರಡನೇ ವಾರ ಜಾಂಬೋಟಿ ದಾರಿಯಲ್ಲಿ ಒಂದು ಗುಂಡಿಗೆ ಎಡಗಾಲಿ ಇಳಿದು ಮೇಲೆದ್ದಾಗ "ಢಬ್" ಅಂತ ಸದ್ದು ಬಂತು. ಯಾರೋ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತಿತ್ತು. ನಿಧಾನಕ್ಕೆ ಹೋದರೆ ಏನೂ ಇಲ್ಲ. ಮೂವತ್ತರ ಮೇಲೆ ಹೋದರೆ, ಅದರಲ್ಲೂ ಹಿಂದೆ ಇಬ್ಬರು ಕೂತಿದ್ದರೆ, ಪ್ರತಿ ಗುಂಡಿಗೂ ಢಬ್. ಇದರ ಜೊತೆಗೆ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಟೈರ್ ಎಲ್ಲೋ ಕರಕರ ಅಂತ ಉಜ್ಜುತ್ತಿತ್ತು.

ಮೊದಲು ಹೋದದ್ದು ಮನೆ ಹತ್ತಿರದ ಗ್ಯಾರೇಜಿಗೆ. "ಬುಶ್ ಹೋಗ್ಯಾವ್ರೀ ಸರ್. ಹೊಸಾವ ಹಾಕಿದ್ರ ಸದ್ದ ಬಂದ್ ಆಗತೈತಿ" ಅಂದರು. ಪಾಟಾ ಹೊಸದು, ಅದರ ತುದಿಯ ರಬ್ಬರ್ ಬುಶ್ ಹೊಸದು, ಎರಡು ವಾರದಲ್ಲಿ ಹೇಗೆ ಹೋಗುತ್ತವೆ? ಕೇಳಬೇಕಿತ್ತು, ಕೇಳಲಿಲ್ಲ. 650 ರೂಪಾಯಿ ಕೊಟ್ಟು ಬಂದೆ. ಸದ್ದು ಹಾಗೇ ಇತ್ತು.

ಎರಡನೇ ಗ್ಯಾರೇಜಿನವರು ಸ್ವಲ್ಪ ನೋಡಿ ಮಾಡಿದರು. ಗಾಡಿ ಕೆಳಗೆ ಮಲಗಿ, ಶಾಕ್‌ನ ದಪ್ಪ ಭಾಗ ಟೈರಿಗೆ ತಾಗುತ್ತಿದೆ ಅಂತ ತೋರಿಸಿದರು. ಕಪ್ಪು ರಬ್ಬರಿನ ಗೀರು ಕಾಣುತ್ತಿತ್ತು. ಅಲ್ಲಿಯವರೆಗೆ ಸರಿ. ಆಮೇಲೆ ಅವರು ಮಾಡಿದ್ದು ಶಾಕ್ ಬಿಚ್ಚಿ ತಲೆಕೆಳಗಾಗಿ ಹಾಕಿದ್ದು. ದಪ್ಪ ಭಾಗ ಮೇಲೆ, ರಾಡ್ ಕೆಳಗೆ. ಟೈರ್ ತಾಗುವುದು ನಿಂತಿತು, ನಿಜ. ಆದರೆ ಎರಡೇ ದಿನದಲ್ಲಿ ಗಾಡಿ ಮುಂದಿನ ಭಾಗ ತೊಟ್ಟಿಲಿನ ಹಾಗೆ ತೂಗಲು ಶುರು.

ಯಾಕೆ ಅಂತ ಆಮೇಲೆ ತಿಳಿಯಿತು. ನಮ್ಮ ಗಾಡಿಗಳಿಗೆ ಬರುವ ಶಾಕ್‌ಗಳಲ್ಲಿ ಜಾಸ್ತಿ ಪಾಲು ಟ್ವಿನ್ ಟ್ಯೂಬ್. ಒಂದು ಕೊಳವೆಯೊಳಗೆ ಇನ್ನೊಂದು. ಹೊರಗಿನ ಕೊಳವೆಯಲ್ಲಿ ಎಣ್ಣೆಯ ಮೇಲೆ ಗಾಳಿ ಅಥವಾ ಗ್ಯಾಸ್ ಇರುತ್ತದೆ. ನೆಟ್ಟಗಿದ್ದರೆ ತಳದ ವಾಲ್ವ್ ಎಣ್ಣೆಯಲ್ಲಿ ಮುಳುಗಿರುತ್ತದೆ. ತಿರುಗಿಸಿ ಹಾಕಿದರೆ ವಾಲ್ವ್ ಗಾಳಿ ಎಳೆಯುತ್ತದೆ, ಶಾಕ್ ಕೆಲಸ ಬಿಡುತ್ತದೆ. ಮೋನೋಟ್ಯೂಬ್ ಆದರೆ ತಿರುಗಿಸಬಹುದು, ಅದರಲ್ಲಿ ಗ್ಯಾಸನ್ನು ಬೇರೆ ಮಾಡುವ ಪಿಸ್ಟನ್ ಇರುತ್ತದೆ. ಶಾಕ್ ತಿರುಗಿಸೋಣ ಅಂತ ಯಾರಾದರೂ ಹೇಳಿದರೆ ಮೊದಲು ಅದು ಯಾವ ಜಾತಿಯದು ಅಂತ ನೋಡಿ. ಆ ಪಾಠಕ್ಕೆ 400 ರೂಪಾಯಿ.

ಮತ್ತೆ ನೆಟ್ಟಗೆ ಹಾಕಿಸುವಾಗ ಎಡ ಶಾಕ್‌ನ ರಾಡ್ ಸುತ್ತ ಎಣ್ಣೆ ಬೆವರಿತ್ತು. ಮೇಲಿನ ಮೌಂಟ್ (ಶಾಕ್ ಕೂರುವ ಜಾಗ) ಬಳಿ ಚಾಸಿಗೆ ಹೊಂದಿದ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಬೆರಳಿಂದ ಮಣ್ಣು ಒರೆಸಿದಾಗಲೇ ಕಂಡದ್ದು. ಆ ದಿನ ನಿಜಕ್ಕೂ ಹೆದರಿದೆ. ಅದೇ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಖಾನಾಪುರಕ್ಕೆ ಹೋಗಿ ಬಂದಿದ್ದೆ.

ಶಾಕ್ ಮಾರಿದವರಿಗೆ ವಾರಂಟಿ ಕೇಳಿದೆ. ಬಿಲ್, ಆರ್‌ಸಿ ನಕಲು, ಚಾಸಿ ನಂಬರಿನ ಫೋಟೋ, ಹಾಕಿಸಿದ ಗ್ಯಾರೇಜಿನ ಚೀಟಿ, ಎಣ್ಣೆ ಸೋರುವ ವಿಡಿಯೋ, ಎಲ್ಲ ಬೇಕು ಅಂದರು. ಗ್ಯಾರೇಜಿನ ಚೀಟಿ ನನ್ನ ಹತ್ತಿರ ಇರಲಿಲ್ಲ, ಕೈಮೇಲೆ ದುಡ್ಡು ಕೊಟ್ಟಿದ್ದೆ. ಹೋಗಿ ಬರೆಸಿಕೊಂಡು ಬಂದೆ. 280 ರೂಪಾಯಿ ಕೊಟ್ಟು ಟ್ರಾನ್ಸ್‌ಪೋರ್ಟಿನಲ್ಲಿ ಶಾಕ್ ಕಳಿಸಿದೆ. ಹನ್ನೆರಡು ದಿನ ಕಾದ ಮೇಲೆ ಉತ್ತರ ಬಂತು: "ಫಿಟ್ಟಿಂಗ್ ದೋಷ, ವಾರಂಟಿ ಬರುವುದಿಲ್ಲ." ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಹೇಳಿದ್ದು ಅರ್ಧ ಸರಿ. ಆದರೆ ಡಬ್ಬಿ ಮೇಲೆ "2 ಇಂಚಿನ ಲಿಫ್ಟ್‌ಗೆ" ಅಂತ ಬರೆದವರೂ ಅವರೇ ಅಲ್ವಾ?

ಆ ಹನ್ನೆರಡು ದಿನದಲ್ಲಿ ಗಾಡಿ ಮನೆ ಮುಂದೆ ಮಳೆಯಲ್ಲಿ ನಿಂತಿತ್ತು. ಮನೆಯಾಕೆ ದಿನಾ ಒಂದು ಸಲ ಕಿಟಕಿಯಿಂದ ನೋಡಿ, "ಅದರ ರೊಕ್ಕದಾಗ ಮಾಳಗಿ ಸೋರೂದರೆ ನಿಲ್ಲತಿತ್ತು" ಅನ್ನುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಫೀಸಿನ ಗೆಳೆಯರೊಬ್ಬರು ಉದ್ಯಮಬಾಗದ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಕರೆದುಕೊಂಡು ಹೋದರು. ಉದ್ಯಮಬಾಗ ಅಂದರೆ ನಮ್ಮೂರಿನ ಲೇಥು, ಫೌಂಡ್ರಿ, ಹೈಡ್ರಾಲಿಕ್ ಕೆಲಸದ ಬಡಾವಣೆ. ಗಾಡಿ ಸಮಸ್ಯೆಗೆ ಗ್ಯಾರೇಜುಗಳನ್ನು ಮಾತ್ರ ಸುತ್ತುತ್ತಿದ್ದ ನನಗೆ, ಸಿಲಿಂಡರ್, ರಾಡ್, ಸ್ಟ್ರೋಕ್ ಅಂತ ದಿನಬೆಳಗಾದರೆ ಅಳೆಯುವ ಜನ ಎರಡು ಮೈಲಿ ದೂರದಲ್ಲೇ ಇದ್ದಾರೆ ಅನ್ನುವುದು ಹೊಳೆದಿರಲಿಲ್ಲ.

ಶೆಡ್ಡಿನ ಹಿರಿಯರನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ನನ್ನ ಕತೆ ಪೂರ್ತಿ ಕೇಳಲೂ ಇಲ್ಲ.

"ಅಳತಿ ತಗೊಂಡೀರೇನ್ರೀ?"

"ಯಾವುದರ ಅಳತೆ ಕಾಕಾ?"

"ಗಾಲಿ ಜೋತ ಬಿದ್ದಾಗ ಎಷ್ಟ, ಗಾಡಿ ಸುಮ್ನ ನಿಂತಾಗ ಎಷ್ಟ, ಪೂರಾ ಒತ್ತಿದಾಗ ಎಷ್ಟ. ಮೂರ ಅಳತಿ. ಅದನ್ನ ಬಿಟ್ಟ ಬುಶ್ ಹಾಕೋದ, ಶಾಕ್ ತಿರುವೋದ... ಏನ ಮಾಡ್ತೀರಿ ಹೇಳ್ರಿ."

ಏಳು ವಾರದಲ್ಲಿ ನನ್ನ ಕಿವಿಗೆ ಬಿದ್ದ ಒಂದೇ ಸರಿಯಾದ ಪ್ರಶ್ನೆ ಅದು.

ಮರುದಿನ ಸಂಜೆ, ಕೆಲಸ ಮುಗಿದ ಮೇಲೆ ಗಾಡಿ ಒಳಗೆ ತೆಗೆದುಕೊಂಡರು. ಎರಡೂ ಮುಂದಿನ ಶಾಕ್ ಬಿಚ್ಚಿದರು. ಶಾಕ್ ಇದ್ದರೆ ಅದೇ ಅಡ್ಡ ಬಂದು ಅಳತೆ ಸುಳ್ಳಾಗುತ್ತದೆ. ಮೊದಲು ಚಾಸಿಗೆ ಜಾಕ್ ಕೊಟ್ಟು ಗಾಲಿ ಜೋತು ಬೀಳುವ ಹಾಗೆ ಎತ್ತಿ, ಮೇಲಿನ ಮೌಂಟಿನಿಂದ ಕೆಳಗಿನ ಮೌಂಟಿನವರೆಗೆ ಅಳೆದರು: 535 ಮಿ.ಮೀ. ನೆಲದ ಮೇಲೆ ನಿಂತಾಗ 445. ಇನ್ನು ಪೂರಾ ಒತ್ತಿದಾಗಿನ ಅಳತೆ. ಅದಕ್ಕೆ ಪಕ್ಕದ ಶೆಡ್ಡಿನ ಫೋರ್ಕ್‌ಲಿಫ್ಟ್ ಬಂತು.

ಫೋರ್ಕ್‌ಲಿಫ್ಟಿನ ಕವಲನ್ನು ಎಡ ಮುಂದಿನ ಗಾಲಿ ಕೆಳಗೆ ತೂರಿಸಿ, ನಿಧಾನ ಎತ್ತುತ್ತಾ ಹೋದರು. ಗಾಲಿ ಮಡ್‌ಗಾರ್ಡಿನೊಳಗೆ ಏರುತ್ತಾ ಏರುತ್ತಾ ಹೋಗಿ, ಆಕ್ಸಲ್ ಬಂಪ್ ಸ್ಟಾಪ್ ರಬ್ಬರಿಗೆ (ಗಾಲಿ ಇನ್ನೂ ಮೇಲೇರದ ಹಾಗೆ ತಡೆಯುವ ದಿಂಬು) ತಾಗಿತು. ಕಾಕಾ ಕೈ ಎತ್ತಲಿಲ್ಲ. ರಬ್ಬರ್ ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬುವವರೆಗೆ ಒತ್ತಿಸಿದರು. ಎಡ ಹಿಂದಿನ ಗಾಲಿ ಹಗುರಾಗಿ ಅಲ್ಲಾಡತೊಡಗಿತು. ಆಗ "ಹಾಂ, ನಿಲ್ಲ" ಅಂದರು. ಅಳೆದರೆ 355.

ಆಮೇಲೆ ನನ್ನ ಶಾಕ್ ತೆಗೆದುಕೊಂಡು ನೆಲಕ್ಕೆ ಊರಿ, ಮೈಭಾರ ಹಾಕಿ ಪೂರ್ತಿ ಕುಗ್ಗಿಸಿ ಅಳೆದರು. 375. ಎಳೆದು ಬಿಟ್ಟಾಗ 560.

ಲೆಕ್ಕ ಅಷ್ಟೇ. ಗಾಡಿ 355ರವರೆಗೆ ಇಳಿಯಬಲ್ಲದು, ಶಾಕ್ 375ಕ್ಕೇ ತಳ ಮುಟ್ಟುತ್ತದೆ. ಬಂಪ್ ಸ್ಟಾಪ್ ರಬ್ಬರ್ ತನ್ನ ಕೆಲಸ ಮುಗಿಸುವ ಮೊದಲೇ ಶಾಕ್ ಕಬ್ಬಿಣಕ್ಕೆ ಕಬ್ಬಿಣ ಕೊಟ್ಟು ಗಾಡಿಯ ಭಾರವನ್ನೆಲ್ಲ ಹೊರುತ್ತಿತ್ತು. ಢಬ್ ಅನ್ನುತ್ತಿದ್ದದ್ದು ಅದು. ಬ್ರ್ಯಾಕೆಟ್ ಸೀಳಿದ್ದೂ ಅದರಿಂದಲೇ. ಗಾಡಿ ಎತ್ತರವಾಯಿತು, ಅದಕ್ಕೆ ಉದ್ದದ ಶಾಕ್ ಬೇಕು ಅಂತ ಎಲ್ಲರೂ ಎಳೆದಾಗಿನ ಉದ್ದ ನೋಡುತ್ತಾರೆ. ಕುಗ್ಗಿದಾಗಿನ ಉದ್ದ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಿಮ್ಮ ಹತ್ತಿರ ಫೋರ್ಕ್‌ಲಿಫ್ಟ್ ಇಲ್ಲದಿದ್ದರೆ ಒಂದು ಸುಲಭ ಉಪಾಯ ಇದೆ. ಶಾಕ್ ರಾಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಕೆಳಗೆ ದಪ್ಪ ಭಾಗಕ್ಕೆ ತಾಗುವ ಹಾಗೆ ಸರಿಸಿ ನಿಲ್ಲಿಸಿ. ಗುಂಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಶಾಕ್ ಕುಗ್ಗಿದಷ್ಟೂ ಟೈ ಮೇಲೆ ಸರಿದು ಅಲ್ಲೇ ನಿಂತಿರುತ್ತದೆ. ಅದು ರಾಡಿನ ತುದಿಗೆ ಹೋಗಿ ಜಜ್ಜಿಹೋಗಿದ್ದರೆ ನಿಮ್ಮದೂ ನನ್ನದೇ ಕತೆ. ರಾಡಿಗೆ ಮುಚ್ಚಳ ಇರುವ ಶಾಕ್ ಆದರೆ ಇದು ನಡೆಯುವುದಿಲ್ಲ.

ಇನ್ನು ಪರಿಹಾರ. ಸಿಗುತ್ತಿದ್ದ ಇನ್ನೊಂದು ಶಾಕ್ ಎಳೆದಾಗ 520, ಕುಗ್ಗಿದಾಗ 340. ಅದು ಕುಗ್ಗುವಾಗ ಸರಿ, ಆದರೆ ಗಾಲಿ ಜೋತು ಬಿದ್ದಾಗ 535 ಬೇಕು, 15 ಕಮ್ಮಿ ಬೀಳುತ್ತದೆ. ಆಗ ಆಕ್ಸಲ್ ಇಡೀ ಶಾಕ್‌ಗೆ ನೇತಾಡುತ್ತದೆ, ಅದೂ ಹಾಳಾಗುತ್ತದೆ. ಹಾಗಾಗಿ ಡಬ್ಬಿಯಲ್ಲಿ ಬಂದಿದ್ದ ಅಳತೆಯ ಶಾಕನ್ನೇ ಹೊಸ ಜೋಡಿ ತರಿಸಿ, ಗಾಡಿಯನ್ನೇ ಅದಕ್ಕೆ ಹೊಂದಿಸುವುದು ಅಂತಾಯಿತು. ಮೇಲಿನ ಮೌಂಟ್ 15 ಮಿ.ಮೀ. ಮೇಲಕ್ಕೆ, ಬಂಪ್ ಸ್ಟಾಪ್ 25 ಮಿ.ಮೀ. ಕೆಳಕ್ಕೆ. ಆಗ ಜೋತು ಬಿದ್ದಾಗ 550, ಒತ್ತಿದಾಗ 395. ಶಾಕ್‌ಗೆ ಎಳೆಯಲು 10, ಕುಗ್ಗಲು 20 ಮಿ.ಮೀ. ಉಳಿಯುತ್ತದೆ. ನನ್ನ ಶಾಕ್ ಹೆಚ್ಚುಕಮ್ಮಿ ನೆಟ್ಟಗೆ ನಿಂತಿದೆ, ಅದಕ್ಕೇ ಕೂಡುವುದು ಕಳೆಯುವುದು ಇಷ್ಟು ಸರಳ. ಓರೆಯಾಗಿದ್ದರೆ ಹೀಗೆ ನೇರ ಕೂಡಿಸಬೇಡಿ, ಮತ್ತೆ ಅಳೆಯಿರಿ.

ಬಂಪ್ ಸ್ಟಾಪ್ ಇಳಿಸಿದರೆ ಗಾಲಿ ಮೇಲೇಳುವ ಜಾಗ 25 ಮಿ.ಮೀ. ಕಡಿಮೆಯಾಗುತ್ತದೆ. ದೊಡ್ಡ ಕಲ್ಲು ಹತ್ತಿಸುವವರಿಗೆ ಅದು ನಷ್ಟವೇ. ನನ್ನ ಕೆಸರಿನ ದಾರಿಗೆ ಏನೂ ಅನ್ನಿಸಲಿಲ್ಲ.

ಶಾಕ್ ಬರಲು ಒಂಬತ್ತು ದಿನ. ಜೋಡಿಗೆ 8,600.

ವೆಲ್ಡಿಂಗಿನ ದಿನ ನಾನು ರಜೆ ಹಾಕಿ ಅಲ್ಲೇ ನಿಂತೆ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲೇ ಬಿಚ್ಚಿದೆವು. ಇಂಜಿನ್ ಕಂಪ್ಯೂಟರ್ ಇರುವ ಗಾಡಿಗೆ ಇದನ್ನು ಮರೆಯಬೇಡಿ. ಹೊಸ ಶಾಕ್‌ಗಳನ್ನು ಡಬ್ಬಿಯಿಂದಲೇ ತೆಗೆದಿರಲಿಲ್ಲ, ವೆಲ್ಡಿಂಗ್ ಕಿಡಿ ರಾಡಿನ ಮೇಲೆ ಬಿದ್ದರೆ ಆ ಚುಕ್ಕೆ ಸೀಲನ್ನು ಕೊಯ್ಯುತ್ತದೆ. ಸೀಳಿದ ಬ್ರ್ಯಾಕೆಟ್ ಮೇಲೆ ಸುಮ್ನೆ ಟಾಕಿ ಹಾಕಿ ಮುಗಿಸಬಹುದಿತ್ತು. ಕಾಕಾ ಅದನ್ನು ಗ್ರೈಂಡರಿನಲ್ಲಿ ಪೂರ್ತಿ ಕತ್ತರಿಸಿ ತೆಗೆದರು. 6 ಮಿ.ಮೀ. ದಪ್ಪದ ತಗಡಿನಿಂದ ಹೊಸದು ಕತ್ತರಿಸಿ, ಎರಡು ಬದಿಗೆ ತ್ರಿಕೋನದ ಆಸರೆ ಕೊಟ್ಟು, ಸೀಓಟೂ ವೆಲ್ಡಿಂಗ್ ಮಾಡಿದರು. ಚಾಸಿಗೆ ಅಡ್ಡವಾಗಿ ಒಂದೇ ಉದ್ದ ಗೆರೆ ಎಳೆಯಲಿಲ್ಲ, ಬಿಟ್ಟು ಬಿಟ್ಟು ಹಾಕಿದರು. ಯಾಕೆ ಅಂದರೆ, "ಒಂದ ಕಡೆ ಭಾಳ ಕಾಯ್ದ್ರ ಚಾಸಿ ಮುನಸ ಮಾಡ್ಕೊಂತೈತಿ" ಅಂದರು, ಅಂದರೆ ಸೊಟ್ಟಗಾಗುತ್ತದೆ.

ಮೇಲಿನ ಮೌಂಟ್ ಏರಿಸಿದ ಮೇಲೆ ಅದು ಒಳಗಿನ ತಗಡಿಗೆ ತಾಗುತ್ತದೋ ಇಲ್ಲವೋ, ಟೈರಿಗೂ ಶಾಕ್‌ಗೂ ಎಷ್ಟು ಜಾಗ ಇದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಕಾಕಾ ಹೇಳಿದ್ದು ಚಪಾತಿ ಕಣಕ. ಮನೆಗೆ ಫೋನ್ ಮಾಡಿದೆ. "ಗಾಡಿಗೆ ಕಣಕಾನೂ ಬೇಕೇನ್ರಿ ಈಗ?" ಅಂದಳು, ಆದರೂ ಮಗನ ಕೈಯಲ್ಲಿ ಕಳಿಸಿದಳು. ನಿಂಬೆಹಣ್ಣಿನಷ್ಟು ಉಂಡೆಗಳನ್ನು ಶಾಕ್‌ನ ದಪ್ಪ ಭಾಗಕ್ಕೂ ಮೇಲಿನ ತಗಡಿಗೂ ಅಂಟಿಸಿದೆವು. ಫೋರ್ಕ್‌ಲಿಫ್ಟಿನಿಂದ ಗಾಲಿ ಒತ್ತಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಇಳಿಸಿ ನೋಡಿದರೆ ಮೇಲಿನ ಕಣಕ 14 ಮಿ.ಮೀ. ಉಳಿದಿತ್ತು. ಟೈರ್ ಕಡೆಯದು ರೊಟ್ಟಿಯಷ್ಟು ತೆಳ್ಳಗಾಗಿ, ಟೈರಿನ ಹಲ್ಲಿನ ಗುರುತು ಅಚ್ಚೊತ್ತಿದ ಹಾಗೆ ಮೂಡಿತ್ತು. 2 ಮಿ.ಮೀ. ಕೂಡ ಇರಲಿಲ್ಲ.

ಟೈರ್ ಹೊರಗೆ ಸರಿಸಲು ವೀಲ್ ಸ್ಪೇಸರ್ ಹಾಕಿಸಿ ಅಂತ ಅಲ್ಲಿದ್ದ ಹುಡುಗನೊಬ್ಬ ಹೇಳಿದ. ನನಗೆ ಮನಸ್ಸಾಗಲಿಲ್ಲ. ಗಾಲಿ ಹೊರಗೆ ಸರಿದಷ್ಟೂ ಬೇರಿಂಗ್ ಮೇಲೆ ಹೊರೆ ಜಾಸ್ತಿ. ಅದರ ಬದಲು ನಕಲ್ (ಗಾಲಿ ಎಡ ಬಲ ತಿರುಗುವ ಕೀಲು) ಹತ್ತಿರ ಇರುವ ಸ್ಟೇರಿಂಗ್ ಸ್ಟಾಪ್ ಬೋಲ್ಟುಗಳನ್ನು ಸ್ವಲ್ಪ ಹೊರಗೆ ತಿರುಗಿಸಿ ಲಾಕ್ ನಟ್ ಬಿಗಿದೆವು. ಮತ್ತೆ ಕಣಕ ಹಚ್ಚಿ ನೋಡಿದಾಗ 9 ಮಿ.ಮೀ. ಗಾಡಿ ತಿರುಗಲು ಈಗ ಸ್ವಲ್ಪ ದೊಡ್ಡ ಜಾಗ ಬೇಕು. ನಮ್ಮ ಗಲ್ಲಿಯಲ್ಲಿ ಮೊದಲು ಒಂದೇ ಏಟಿಗೆ ತಿರುಗುತ್ತಿತ್ತು, ಈಗ ಒಂದು ಸಲ ರಿವರ್ಸ್ ಹಾಕಬೇಕು.

ಮುಗಿಯಿತು ಅನ್ನುವಾಗ ಇನ್ನೊಂದು ಕಂಡಿತು. ಗಾಲಿ ಜೋತು ಬಿದ್ದಾಗ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆ ಹೋಗುವ ರಬ್ಬರ್ ಕೊಳವೆ) ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತ್ತು. ಇಷ್ಟು ದಿನ ಯಾರೂ ನೋಡಿರಲಿಲ್ಲ, ನಾನೂ. ಶಾಕ್ ಸದ್ದು ಮಾಡಿ ಹೇಳುತ್ತದೆ, ಬ್ರೇಕ್ ಹೋಸ್ ಹೇಳುವುದಿಲ್ಲ. ಉದ್ದದ ಹೋಸ್ ಎರಡಕ್ಕೆ 1,300, ಎಣ್ಣೆ ಹಾಕಿ ಗಾಳಿ ತೆಗೆದದ್ದಕ್ಕೆ 500. ಗಾಡಿ ಎತ್ತರಿಸಿದವರು ಬೇರೇನೂ ಮಾಡದಿದ್ದರೂ ಇವತ್ತೇ ಒಂದು ಗಾಲಿ ಜಾಕ್ ಹಾಕಿ ಎತ್ತಿ ಹೋಸ್ ನೋಡಿ. ಸ್ಟೇರಿಂಗನ್ನು ಎರಡೂ ಕಡೆ ತಿರುಗಿಸಿ ನೋಡಿ.

ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹಳೆಯವನ್ನೇ ಮತ್ತೆ ಹಾಕಬೇಡಿ. ಒಮ್ಮೆ ಬಿಗಿದಾಗ ಅವು ಎಳೆದಿರುತ್ತವೆ. ಹೊಸವಕ್ಕೆ 720. ಸ್ಟೇರಿಂಗ್ ನಡುವಿಗೆ ಬರುತ್ತಿರಲಿಲ್ಲ, ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಡ್ರ್ಯಾಗ್ ಲಿಂಕ್ ರಾಡ್ ಹೊಂದಿಸಿ ಸರಿಮಾಡಿದರು. ಅಲೈನ್‌ಮೆಂಟಿಗೆ 450. ಈ ಗಾಡಿಯಲ್ಲಿ ಸರಿಪಡಿಸಲು ಬರುವುದು ಟೋ (ಗಾಲಿಗಳ ಮುಂತುದಿ ಒಳಗೆ ಹೊರಗೆ ತಿರುಗಿರುವುದು) ಒಂದೇ, ಕ್ಯಾಂಬರ್ (ಗಾಲಿ ಪಕ್ಕಕ್ಕೆ ವಾಲಿರುವುದು) ಅಂತ ಹೇಳಿ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಕಾಕಾನ ಕೆಲಸಕ್ಕೆ ತಗಡು, ಬಣ್ಣ ಎಲ್ಲ ಸೇರಿ 3,200. ಫೋರ್ಕ್‌ಲಿಫ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಒಂದು ಕಿಲೋ ಕುಂದಾ ಕೊಟ್ಟೆ. ಪಾಟಾ ಟೈರ್ ಬಿಟ್ಟು, ಬರೀ ಈ ಶಾಕ್ ಗೋಳಿಗೆ ಕುಂದಾ ಲೆಕ್ಕ ಹಿಡಿಯದೆ 16,100 ರೂಪಾಯಿ. ಮೊದಲೇ ಅಳೆದಿದ್ದರೆ ಶಾಕ್ ಜೋಡಿಯ ದುಡ್ಡಾದರೂ ಉಳಿಯುತ್ತಿತ್ತು.

ಕಾಗದಪತ್ರದ ಮಾತು ಕೊನೆಗೆ ಹೇಳುತ್ತಿದ್ದೇನೆ, ಆದರೆ ನೀವು ಮೊದಲು ನೋಡಬೇಕಾದದ್ದು ಅದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ನಾನು ಎಲ್ಲ ಮುಗಿದ ಮೇಲೆ ಇನ್ಶೂರೆನ್ಸ್ ಏಜೆಂಟರಿಗೆ ಹೇಳಿದೆ. "ಮೊದಲ ಹೇಳಬೇಕಾಗಿತ್ರೀ" ಅಂದರು. ಏನೇನು ಬದಲಾಗಿದೆ ಅಂತ ಬರೆದು, ಬಿಲ್ಲುಗಳ ನಕಲು ಲಗತ್ತಿಸಿ ಕೊಟ್ಟಿದ್ದೇನೆ. ಮೂರು ವಾರ ಆಯಿತು, ಉತ್ತರ ಬಂದಿಲ್ಲ. 2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ, ಆರ್‌ಸಿ ನವೀಕರಣಕ್ಕೆ ತಪಾಸಣೆ ಇರುತ್ತದೆ. ಹಳೆಯ ಪಾಟಾ, ಹಳೆಯ ಶಾಕ್, 205ರ ಟೈರ್ ಎಲ್ಲ ಗೋಣಿಚೀಲ ಸುತ್ತಿ ಮಾಳಿಗೆಗೆ ಏರಿಸಿದ್ದೇನೆ. ಇನ್ಶೂರೆನ್ಸಿನವರು ಬೇಡ ಅಂದರೆ ಅದಕ್ಕೂ ಮೊದಲೇ ಎಲ್ಲ ವಾಪಸ್ ಹಾಕಬೇಕಾದೀತು.

ಭಾನುವಾರ ಜಾಂಬೋಟಿಗೆ ಹೊರಡುವ ಮೊದಲು ಎರಡೂ ಶಾಕ್‌ಗೆ ಹಳದಿ ಕೇಬಲ್ ಟೈ ಕಟ್ಟಿದ್ದೆ. ಬೇಕಂತಲೇ ಎರಡು ಗುಂಡಿಗೆ ಜೋರಾಗಿ ಇಳಿಸಿದೆ. ಹಿಂದೆ ಭಾವ ಮತ್ತು ಎರಡು ಚೀಲ ಗೊಬ್ಬರ. ಜಾಂಬೋಟಿಯಲ್ಲಿ ಚಹಾ ಅಂಗಡಿ ಮುಂದೆ ನಿಲ್ಲಿಸಿ, ಪ್ಯಾಂಟಿಗೆ ಕೆಸರಾಗುವುದನ್ನು ನೋಡದೆ ಕೆಳಗೆ ಬಗ್ಗಿದೆ. ಎಡ ಟೈ ಮೇಲೆ ಸರಿದಿತ್ತು, ಆದರೆ ಅದರ ಮೇಲೆ ಒಂದು ಹೆಬ್ಬೆರಳ ಅಗಲದಷ್ಟು ರಾಡ್ ಇನ್ನೂ ಹೊಳೆಯುತ್ತಿತ್ತು. ಬಲದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ. ನೂರು ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಯಬೇಕು ಅಂತ ಕಾಕಾ ಹೇಳಿದ್ದರು. ನಿನ್ನೆ ಪಾನಾ ಹಾಕಿದಾಗ ನಾಲ್ಕರಲ್ಲಿ ಮೂರು ನಟ್ ಕಾಲು ಸುತ್ತು ತೆಗೆದುಕೊಂಡವು.